ತಕ್ಕಡಿಗೆ ತಿಳಿಯದ ಲೆಕ್ಕ

ಉತ್ತರ ಪತ್ರಿಕೆಗಳನ್ನು ಓದದೆ, ಒಂದೊಂದನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಭಾರವಾದುದಕ್ಕೆ ಹೆಚ್ಚು ಅಂಕ ಕೊಡುವ ಉಪಾಧ್ಯಾಯಿನಿ ಯಾರಾದರೂ ಇದ್ದರೆ ಅವಳನ್ನು ಮರುದಿನವೇ ಮನೆಗೆ ಕಳಿಸುತ್ತಾರೆ. ಕಳಿಸಲೇಬೇಕು. ಆದರೆ ಹೆಚ್ಚುಕಡಿಮೆ ಅದೇ ಕೆಲಸವನ್ನು ದೊಡ್ಡ ಕಾರ್ಖಾನೆಗಳ ಖರೀದಿ ವಿಭಾಗದವರು ದಿನ ಬೆಳಗಾದರೆ ಮಾಡುತ್ತಾರೆ, ಅವರಿಗೆ ಬಡ್ತಿ ಸಿಗುತ್ತದೆ! ನಾನು ಹೇಳುತ್ತಿರುವುದು ಎರಕದ ಬಿಡಿಭಾಗಗಳಿಗೆ ಕಿಲೋ ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿಯ ಬಗ್ಗೆ. ನೀರೆತ್ತುವ ಪಂಪಿನ ಪೊಳ್ಳು ಕವಚವಿರಲಿ, ಯಂತ್ರದ ಸಮತೂಕಕ್ಕೆ ಜೋತುಹಾಕುವ ಕಬ್ಬಿಣದ ಗಡ್ಡೆಯಿರಲಿ, ಕೇಳುವ ಪ್ರಶ್ನೆ ಒಂದೇ: "ಕಿಲೋಗೆ ಎಷ್ಟು?"

ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟನ್ನು ಇಲ್ಲಿ ಲೆಕ್ಕಸಮೇತ ಬರೆಯಬೇಕೆಂದಿದ್ದೇನೆ.

ನಾನು ಬಿ.ಎ., ಬಿ.ಇಡಿ. ಮಾಡಿದವಳು. ಬೆಳಗಾವಿಯ ಹೊರವಲಯದ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತೇನೆ. ಕಾಸ್ಟ್ ಅಕೌಂಟೆಂಟ್ ಅಲ್ಲ, ಎಂಜಿನಿಯರಂತೂ ಅಲ್ಲವೇ ಅಲ್ಲ. "ನಿಮಗೇಕೆ ಈ ಉಸಾಬರಿ?" ಎಂದು ಕೇಳಬಹುದು. ನಮ್ಮ ಮನೆಯವರು ಐ.ಟಿ.ಐ. ಮುಗಿಸಿ, ಹತ್ತು ವರ್ಷ ಇನ್ನೊಬ್ಬರ ಫೌಂಡ್ರಿಯಲ್ಲಿ ದುಡಿದು, ಉದ್ಯಮಬಾಗದಲ್ಲಿ ಒಂದು ಶೆಡ್ಡು ಬಾಡಿಗೆ ಹಿಡಿದು ಸ್ವಂತ ಫೌಂಡ್ರಿ ಹಾಕಿದರು. ಆಗಿನಿಂದ ಶಾಲೆ ಬಿಟ್ಟು ಮನೆಗೆ ಬಂದ ಮೇಲೆ ಅದರ ಲೆಕ್ಕದ ಪುಸ್ತಕ ಬರೆಯುವುದು ನನ್ನ ಪಾಲಿಗೆ ಬಂತು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಮೊದಮೊದಲು ಅವರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತಿದ್ದೆ. ಆಮೇಲೆ ಬರೆದದ್ದನ್ನು ಓದತೊಡಗಿದೆ. ತಾಪತ್ರಯ ಶುರುವಾದದ್ದು ಅಲ್ಲಿಂದ.

ಬೆಳಗಾವಿಯ ಫೌಂಡ್ರಿಗಳ ಹೆಸರು ನೀವು ಕೇಳಿರಬಹುದು. ನಮ್ಮಲ್ಲೂ ನೆರೆಯ ಕೊಲ್ಹಾಪುರದಲ್ಲೂ ಇದು ಬಹಳ ಕುಟುಂಬಗಳ ಅನ್ನದ ದಾರಿ. ಆದರೆ ಎರಕ ಹೇಗಾಗುತ್ತದೆಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮಾಡಬೇಕಾದ ಭಾಗದ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡುತ್ತಾರೆ. ಆ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಭಾಗದ ಒಳಗೆ ಪೊಳ್ಳು ಬೇಕಾದರೆ ಆ ಪೊಳ್ಳಿನ ಆಕಾರದ್ದೇ ಒಂದು ಮರಳಿನ ಗಟ್ಟಿಯನ್ನು ಬೇರೆಯಾಗಿ ಮಾಡಿ ಅಚ್ಚಿನೊಳಗೆ ಕೂರಿಸಬೇಕು. ಅದಕ್ಕೆ ಕೋರು ಎನ್ನುತ್ತಾರೆ. ಕಬ್ಬಿಣ ಕೋರಿನ ಸುತ್ತ ಹರಿದು ಗಟ್ಟಿಯಾಗುತ್ತದೆ, ಆಮೇಲೆ ಕೋರನ್ನು ಒಡೆದು ಮರಳನ್ನು ಉದುರಿಸುತ್ತಾರೆ. ಕಬ್ಬಿಣ ಹರಿದು ಬಂದ ಕಾಲುವೆಯಲ್ಲೂ, ತಣಿಯುವಾಗ ಕುಗ್ಗುವುದಕ್ಕೆ ತುಂಬಿಕೊಡಲೆಂದು ಇಟ್ಟ ರೈಸರಿನಲ್ಲೂ ಉಳಿದ ಲೋಹವನ್ನು ಮುರಿದು ಮತ್ತೆ ಫರ್ನೇಸಿಗೆ ಹಾಕುತ್ತಾರೆ. ಕೊನೆಗೆ ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ಅಂಚು ಉಜ್ಜಿ ಕಳಿಸುತ್ತಾರೆ. ತಕ್ಕಡಿಗೆ ಬರುವುದು ಕಟ್ಟಕಡೆಗೆ ಉಳಿದ ಕಬ್ಬಿಣ ಮಾತ್ರ.

ಈಗ ಲೆಕ್ಕಕ್ಕೆ ಬನ್ನಿ. ಅಂಕಿಗಳನ್ನು ತಿಳಿಯಲು ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ, ಲೆಕ್ಕದ ರೀತಿ ಮಾತ್ರ ನಮ್ಮ ಪುಸ್ತಕದ್ದೇ. ಹತ್ತು ಕಿಲೋದ ಒಂದು ಗಡ್ಡೆ, ಹತ್ತು ಕಿಲೋದ ಒಂದು ಪಂಪಿನ ಕವಚ. ಎರಡಕ್ಕೂ ಕಿಲೋಗೆ 100 ರೂಪಾಯಿ, ಅಂದರೆ ತಲಾ 1,000 ರೂಪಾಯಿ. ಗಡ್ಡೆಗೆ ಹನ್ನೆರಡೂವರೆ ಕಿಲೋ ಕಬ್ಬಿಣ ಹೊಯ್ದರೆ ಸಾಕು, ಕವಚಕ್ಕೆ ಹದಿನೆಂಟು ಕಿಲೋ ಬೇಕು. ಹೆಚ್ಚಿನದು ಫರ್ನೇಸಿಗೆ ವಾಪಸು ಬರುತ್ತದೆ, ನಿಜ. ಆದರೆ ಇಂಡಕ್ಷನ್ ಫರ್ನೇಸಿಗೆ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 550ರಿಂದ 700 ಯುನಿಟ್ ಕರೆಂಟು ಬೇಕು, ಆ ಕರೆಂಟು ವಾಪಸು ಬರುವುದಿಲ್ಲ. ಉಳಿಯುವ ಲೋಹದ ಬೆಲೆ ಎರಡಕ್ಕೂ 480. ಕರಗಿಸುವ ಖರ್ಚು ಗಡ್ಡೆಗೆ 100, ಕವಚಕ್ಕೆ 144. ಅಚ್ಚಿನ ಕೂಲಿ ಮತ್ತು ಮರಳು ಗಡ್ಡೆಗೆ 70, ಕವಚಕ್ಕೆ 150. ಕೋರು ಗಡ್ಡೆಗೆ ಬೇಕಿಲ್ಲ, ಕವಚಕ್ಕೆ 120. ಉಜ್ಜುವ ಕೆಲಸ 20 ಮತ್ತು 60. ಬಾಡಿಗೆ, ಸಾಗಾಣಿಕೆ, ಬಡ್ಡಿ ಎಂದು ತಲಾ 100. ಕೂಡಿಸಿ ನೋಡಿ: ಗಡ್ಡೆಗೆ 770, ಕವಚಕ್ಕೆ 1,054.

ಇಲ್ಲಿಗೆ ಮುಗಿಯಲಿಲ್ಲ. ಗಡ್ಡೆ ನೂರಕ್ಕೆ ಎರಡು ಕೆಡಬಹುದು. ಕವಚದಲ್ಲಿ ಕೋರು ಒಂದು ಕೂದಲೆಳೆ ಸರಿದರೂ ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗುತ್ತದೆ, ಮರಳಿನ ಗಾಳಿ ಸಿಕ್ಕಿಕೊಂಡರೆ ತೂತು ಬೀಳುತ್ತದೆ. ನೂರಕ್ಕೆ ಹತ್ತು ಕೆಡುತ್ತವೆ ಎನ್ನಿ. ಕೆಟ್ಟದ್ದರ ಕಬ್ಬಿಣ 450 ರೂಪಾಯಿಯಷ್ಟು ಮತ್ತೆ ಉಪಯೋಗಕ್ಕೆ ಬಂತು ಎಂದು ಹಿಡಿದರೂ ಅದಕ್ಕೆ ಸುರಿದ ಕರೆಂಟು, ಕೂಲಿ, ಸಮಯ ಹೋದಂತೆಯೇ. ಅದನ್ನು ಉಳಿದ ಒಳ್ಳೆಯ ಭಾಗಗಳ ಮೇಲೆ ಹಂಚಿದರೆ ಗಡ್ಡೆಯ ನಿಜವಾದ ವೆಚ್ಚ ಸುಮಾರು 777, ಕವಚದ್ದು 1,121. ಒಂದೇ ತೂಕ, ಒಂದೇ ದರ. ಒಂದರಲ್ಲಿ 223 ರೂಪಾಯಿ ಲಾಭ, ಇನ್ನೊಂದರಲ್ಲಿ 121 ರೂಪಾಯಿ ನಷ್ಟ.

"ಆದರೇನು, ಎರಡೂ ಸೇರಿದರೆ ಲಾಭವೇ ಆಯಿತಲ್ಲ" ಎಂದು ನಮ್ಮ ಮನೆಯವರು ಬಹಳ ವರ್ಷ ಸಮಾಧಾನಪಟ್ಟುಕೊಂಡಿದ್ದರು. ಗುಂಪಿನಲ್ಲಿ ಗೋವಿಂದ ಅನ್ನುವ ಲೆಕ್ಕ. ಆದರೆ ಕೊಳ್ಳುವವನು ದಡ್ಡನಲ್ಲ. ಗಡ್ಡೆಯನ್ನಷ್ಟೇ ಮಾಡುವ ಇನ್ನೊಂದು ಫೌಂಡ್ರಿಗೆ ಹೋಗಿ ಕೇಳಿದರೆ ಅವರು ಕಿಲೋಗೆ 88ಕ್ಕೆ ಕೊಡಲು ತಯಾರು, ಅವರಿಗೆ ಅದರಲ್ಲೂ ಲಾಭವಿದೆ. ಗಡ್ಡೆಯ ಆರ್ಡರು ಅತ್ತ ಹೋಯಿತು. ನಮ್ಮಲ್ಲಿ ಉಳಿದದ್ದು ಕವಚ. ನಷ್ಟ ಬಂತೆಂದು ನಾವು ಕಿಲೋ ದರ ಏರಿಸಲು ಹೋದೆವು, ಆಗ ನಮ್ಮಲ್ಲಿ ಉಳಿದಿದ್ದ ಇನ್ನಷ್ಟು ಸುಲಭದ ಕೆಲಸಗಳೂ ಕೈಬಿಟ್ಟವು. ಹೀಗೆ ಸುಲಭದ್ದೆಲ್ಲ ಹೊರಗೆ ಹೋಗಿ ಕಷ್ಟದ್ದೆಲ್ಲ ಮನೆಯಲ್ಲಿ ಉಳಿಯುವುದು ನಮ್ಮೊಬ್ಬರ ದುರದೃಷ್ಟವೇನಲ್ಲ. ಅಮೆರಿಕದ ಥಾಮಸ್ ಜಾನ್ಸನ್ ಮತ್ತು ರಾಬರ್ಟ್ ಕಪ್ಲಾನ್ ಎಂಬ ಇಬ್ಬರು 1987ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದು ಸರಾಸರಿಯ ವೆಚ್ಚಲೆಕ್ಕ ಕಂಪನಿಗಳನ್ನು ಹೇಗೆ ದಾರಿ ತಪ್ಪಿಸುತ್ತದೆಂದು ತೋರಿಸಿದರು. ನಾವು ಅದನ್ನು ಓದಿರಲಿಲ್ಲ. 2022ರಲ್ಲಿ ಅನುಭವಿಸಿದೆವು. ಆ ವರ್ಷ ಶೆಡ್ಡಿನಲ್ಲಿ ಕೈತುಂಬ ಕೆಲಸವಿತ್ತು, ಎರಡು ಪಾಳಿ ನಡೆಯುತ್ತಿತ್ತು, ನೆರೆಹೊರೆಯವರು "ಬಿಡುವೇ ಇಲ್ಲ ನೋಡ್ರಿ ನಿಮಗ" ಎಂದು ಹೊಗಳುತ್ತಿದ್ದರು. ವರ್ಷದ ಕೊನೆಗೆ ನನ್ನ ನಾಲ್ಕು ಬಳೆಗಳು ಬ್ಯಾಂಕಿನ ಲಾಕರಿನಿಂದ ಹೊರಬಂದು ಅದೇ ಬ್ಯಾಂಕಿನ ಚಿನ್ನದ ಸಾಲದ ಪೆಟ್ಟಿಗೆಗೆ ಹೋದವು.

ನನಗೆ ಕಣ್ಣು ತೆರೆಸಿದವಳು ನಮ್ಮಲ್ಲಿ ಕೋರು ಮಾಡುವ ಹೆಂಗಸು. ಅವಳ ಮಗಳು ನನ್ನ ಶಾಲೆಯಲ್ಲಿ ಒಂಬತ್ತನೇ ತರಗತಿ. ಒಂದು ಶನಿವಾರ ಮಧ್ಯಾಹ್ನ ಶೆಡ್ಡಿಗೆ ಹೋದಾಗ ಅವಳು ಕೋರ್ ಬಾಕ್ಸಿಗೆ ಮರಳು ತುಂಬಿ, ಬೆರಳಿನಲ್ಲಿ ಮೂಲೆ ಮೂಲೆ ಒತ್ತಿ, ಗಾಳಿ ಹೋಗಲು ಸಣ್ಣ ಕಂಡಿ ಬಿಡುತ್ತಿದ್ದಳು. ಕೂಲಿ ಹೆಚ್ಚಿಸಿ ಎಂದು ಕೇಳಲು ಬಹಳ ದಿನದಿಂದ ಸಂಕೋಚಪಡುತ್ತಿದ್ದವಳು ಅಂದು ಕೇಳಿಯೇಬಿಟ್ಟಳು. ನಾನು ಎಲ್ಲ ಮಾಲೀಕರ ಹೆಂಡತಿಯರು ಹೇಳುವುದನ್ನೇ ಹೇಳಿದೆ: "ಏನು ಮಾಡೋದವ್ವ, ಕಂಪನಿಯವರು ಕಿಲೋ ರೇಟು ಹೆಚ್ಚು ಮಾಡವಲ್ಲರು." ಅವಳು ಕೈ ನಿಲ್ಲಿಸದೆಯೇ ಹೇಳಿದಳು: "ಅಕ್ಕೋರ, ನಾ ಮಾಡಿದ್ದು ತೂಕದಾಗ ಎಲ್ಲಿ ಬರ್ತದ್ರಿ? ಎರಕ ಹೊಯ್ದ ಮ್ಯಾಲ ಅದನ್ನ ಒಡದು ಹೊರಗ ಚೆಲ್ತಾರ."

ನಾನು ಆ ರಾತ್ರಿ ಬಹಳ ಹೊತ್ತು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೆ. ಅವಳ ಮಾತಿನಲ್ಲಿ ಅವಳಿಗೂ ಗೊತ್ತಿರದ ಇನ್ನೊಂದು ಸತ್ಯವಿತ್ತು. ಅವಳ ಕೆಲಸ ತೂಕದಲ್ಲಿ ಬರುವುದಿಲ್ಲ ಎಂಬುದು ಅರ್ಧ ಮಾತು. ಅವಳ ಕೆಲಸ ತೂಕವನ್ನು ಕಡಿಮೆ ಮಾಡುತ್ತದೆ. ಅವಳು ಕೂರಿಸಿದ ಕೋರು ಎಷ್ಟು ದೊಡ್ಡದೋ ಅಷ್ಟು ಕಬ್ಬಿಣ ಉಳಿಯುತ್ತದೆ, ಭಾಗ ಅಷ್ಟು ಹಗುರವಾಗುತ್ತದೆ, ಅಷ್ಟು ಬಿಲ್ಲು ಇಳಿಯುತ್ತದೆ. ಕಿಲೋ ಲೆಕ್ಕದಲ್ಲಿ ಅವಳು ಹೆಚ್ಚು ದುಡಿದಷ್ಟೂ ನಮಗೆ ಬರುವ ಹಣ ಕಡಿಮೆ. ಇಂಥ ತಕ್ಕಡಿಯನ್ನು ಹಿಡಿದು ನಾನು ಅವಳಿಗೆ "ಕಂಪನಿಯವರು ಹೆಚ್ಚು ಮಾಡವಲ್ಲರು" ಎಂದು ಹೇಳಿದ್ದೆ.

ತೂಕದ ಲೆಕ್ಕವೇ ಸುಳ್ಳು, ಅದನ್ನು ಸುಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಅದಕ್ಕೂ ಒಂದು ಜಾಗವಿದೆ. ಹೊಸ ಯಂತ್ರವೊಂದನ್ನು ಇನ್ನೂ ಕಾಗದದ ಮೇಲೂ ಬರೆದಿಲ್ಲ, ಅಂದಾಜು ವೆಚ್ಚ ಎಷ್ಟಾದೀತೆಂದು ನೋಡಬೇಕು ಎನ್ನುವಾಗ ಅಚ್ಚು ಎಷ್ಟು, ಕೋರು ಎಷ್ಟು ಎಂದು ಎಣಿಸಲು ಕೂರುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಆಗ ಹಿಂದೆ ಮಾಡಿದ ಅಂಥವೇ ಭಾಗಗಳ ತೂಕವನ್ನೂ ಬೆಲೆಯನ್ನೂ ಸಾಲಾಗಿ ಬರೆದು, ಇದೂ ಇಷ್ಟಾದೀತು ಎಂದು ಹೇಳುವುದೇ ವಿವೇಕ. ಕಬ್ಬಿಣದ ಪೇಟೆ ದರ ಏರಿಳಿದಾಗ ಲೋಹದ ಮಟ್ಟಿಗೆ ಕಿಲೋ ಲೆಕ್ಕದಲ್ಲಿ ದರ ಸರಿಪಡಿಸುವುದೂ ನ್ಯಾಯವೇ, ಏಕೆಂದರೆ ಲೋಹವನ್ನು ನಾವು ಕೊಳ್ಳುವುದೂ ಕಿಲೋ ಲೆಕ್ಕದಲ್ಲೇ. ಆದರೆ ಅಂದಾಜಿಗೆಂದು ಹುಟ್ಟಿದ ಲೆಕ್ಕವನ್ನು, ಡ್ರಾಯಿಂಗು ಕೈಗೆ ಬಂದು, ಪ್ಯಾಟರ್ನು ತಯಾರಾಗಿ, ಐದುನೂರು ಭಾಗಗಳ ಆರ್ಡರು ಬರೆಯುವಾಗಲೂ ಬಳಸುವುದು ಸೋಮಾರಿತನ. ಸೋಮಾರಿತನದ ಖರ್ಚು ಮಾತ್ರ ಅವರ ತಲೆಯ ಮೇಲೆ ಬೀಳುವುದಿಲ್ಲ.

ಎರಡನೆಯ ಪದ್ಧತಿ ಇದಕ್ಕಿಂತ ಸುಲಭ. ಹೋದ ವರ್ಷ ಎಷ್ಟಕ್ಕೆ ಕೊಟ್ಟಿರಿ? ಈ ವರ್ಷ ಅದಕ್ಕಿಂತ ಶೇಕಡ 3 ಕಡಿಮೆ ಮಾಡಿ. ಮುಂದಿನ ವರ್ಷ ಇನ್ನೂ 3. ಏಕೆ ಎಂದು ಕೇಳಿದರೆ, "ನಿಮಗೆ ಕೈ ಪಳಗಿರುತ್ತದಲ್ಲ" ಎಂಬ ಉತ್ತರ. ಕೈ ಪಳಗುತ್ತದೆ, ಸುಳ್ಳಲ್ಲ. 1936ರಲ್ಲಿ ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್ ಎಂಬವರು ಇದಕ್ಕೊಂದು ನಿಯಮವನ್ನೇ ಬರೆದರು: ಅಲ್ಲಿಯವರೆಗೆ ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದೊಂದಕ್ಕೆ ತಗಲುವ ಕೂಲಿ ಸುಮಾರು ಶೇಕಡ 20 ಇಳಿಯುತ್ತದೆ. ಆದರೆ "ಇಮ್ಮಡಿಯಾದಾಗ" ಎಂಬ ಮಾತನ್ನು ಗಮನಿಸಿ. ವರ್ಷಕ್ಕೆ ಸಾವಿರ ಕವಚ ಮಾಡುವ ನಮ್ಮಂಥವರಿಗೆ ಎರಡನೇ ವರ್ಷದ ಕೊನೆಗೆ ಸಂಖ್ಯೆ ಇಮ್ಮಡಿ. ಮುಂದಿನ ಇಮ್ಮಡಿಗೆ ನಾಲ್ಕನೇ ವರ್ಷ ಮುಗಿಯಬೇಕು, ಅದರ ಮುಂದಿನದಕ್ಕೆ ಎಂಟನೇ ವರ್ಷ. ಕಲಿಕೆ ಹಾಗೆ ನಿಧಾನವಾಗುತ್ತ ಹೋಗುತ್ತದೆ. ಮಗು ಅಕ್ಷರ ಕಲಿಯುವ ಮೊದಲ ವರ್ಷದ ವೇಗವನ್ನು ಎಸ್.ಎಸ್.ಎಲ್.ಸಿ.ವರೆಗೂ ನಿರೀಕ್ಷಿಸುವ ತಂದೆತಾಯಿಯರನ್ನು ನಾನು ನೋಡಿದ್ದೇನೆ, ಆ ಮಕ್ಕಳನ್ನೂ ನೋಡಿದ್ದೇನೆ. ಅದೂ ಅಲ್ಲದೆ ರೈಟ್ ಹೇಳಿದ ಆ ದೊಡ್ಡ ಇಳಿತ ಮನುಷ್ಯರ ಕೂಲಿಯದು. ಕಬ್ಬಿಣವು ನಾಲ್ಕು ವರ್ಷ ಕರಗಿ ಅಭ್ಯಾಸವಾಯಿತೆಂದು ಐದನೇ ವರ್ಷ ಕಡಿಮೆ ಕರೆಂಟಿಗೆ ಕರಗುವುದಿಲ್ಲ.

ಮೂರನೆಯ ಪದ್ಧತಿ ಬಹಳ ಶಾಸ್ತ್ರೀಯವಾದದ್ದು. ಕೆಲವು ವರ್ಷಗಳ ಹಿಂದೆ ದೊಡ್ಡ ಕಂಪನಿಯೊಂದರಿಂದ ಒಬ್ಬ ತರುಣ ಎಂಜಿನಿಯರ್ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ. ನನ್ನ ಶಾಲೆಯಲ್ಲಿ ಓದಿ ಹೋದ ಹುಡುಗರ ವಯಸ್ಸಿನವನು, ಬಹಳ ವಿನಯವಂತ, ಮುಂದಿಟ್ಟ ಅವಲಕ್ಕಿಯನ್ನು ಸಂಕೋಚವಿಲ್ಲದೆ ತಿಂದ. ಅವನ ಪರದೆಯ ಮೇಲೆ ಒಂದು ಉದ್ದದ ತಃಖ್ತೆ. ಈ ಭಾಗಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದಲ್ಲ, ಎಷ್ಟು ಆಗಬೇಕು ಎಂಬುದು ಅದರಲ್ಲಿತ್ತು. ಅವರ ಭಾಷೆಯಲ್ಲಿ ಶುಡ್ ಕಾಸ್ಟ್. ಕಚ್ಚಾಮಾಲು, ಲೇತಿನ ಮೇಲೆ ಎಷ್ಟು ನಿಮಿಷ, ಗಂಟೆಗೆ ಯಂತ್ರದ ದರ ಎಷ್ಟು, ಎಲ್ಲವೂ ದಶಾಂಶದ ಎರಡು ಸ್ಥಾನದವರೆಗೆ. ನನಗೆ ಮೊದಲು ಸಂತೋಷವೇ ಆಯಿತು. ಇಷ್ಟು ದಿನಕ್ಕೆ ಒಬ್ಬನಾದರೂ ತಕ್ಕಡಿ ಬಿಟ್ಟು ಕೆಲಸವನ್ನು ಎಣಿಸುತ್ತಿದ್ದಾನಲ್ಲ ಎಂದುಕೊಂಡೆ.

ಆಮೇಲೆ ಸಾಲು ಸಾಲಾಗಿ ಓದಿದೆ. ಕನ್ನಡ ಪಂಡಿತರಿಗೆ ಬೇರೆ ಏನು ಬಾರದಿದ್ದರೂ ಓದುವುದು ಬರುತ್ತದೆ.

ಅವನ ತಃಖ್ತೆಯಲ್ಲಿ ಲೇತು ವರ್ಷಕ್ಕೆ 4,000 ಗಂಟೆ ಓಡುತ್ತದೆ. ಯಂತ್ರದ ಕಂತು, ಬಾಡಿಗೆ, ವಿಮೆ ಎಲ್ಲ ಸೇರಿ ವರ್ಷಕ್ಕೆ 6 ಲಕ್ಷವಾದರೆ ಗಂಟೆಗೆ 150 ರೂಪಾಯಿ ಎಂದು ಅವನು ಹಾಕಿದ್ದ. ನಮ್ಮಲ್ಲಿ ಆ ಲೇತು ಓಡುವುದು 2,000 ಗಂಟೆ, ಆರ್ಡರು ಬಂದರೆ ಓಡುತ್ತದೆ, ಇಲ್ಲದಿದ್ದರೆ ಬಟ್ಟೆ ಹೊದ್ದು ನಿಂತಿರುತ್ತದೆ. ಖರ್ಚು ಮಾತ್ರ ನಿಲ್ಲುವುದಿಲ್ಲ. ಅದೇ 6 ಲಕ್ಷವನ್ನು 2,000ದಿಂದ ಭಾಗಿಸಿದರೆ ಗಂಟೆಗೆ 300. ಇಡೀ ವರ್ಷ ತುಂಬುವಷ್ಟು ಕೆಲಸ ಕೊಡುತ್ತೇನೆಂದು ಕಂಪನಿ ಬರೆದುಕೊಟ್ಟರೆ 150ರ ದರ ನ್ಯಾಯ. ಕೆಲಸದ ಭರವಸೆ ಕೊಡದೆ ಭರವಸೆಯ ದರ ಕೇಳುವುದು ಯಾವ ನ್ಯಾಯ?

ಇನ್ನೊಂದು ಸಾಲು ಸೆಟ್ಟಿಂಗಿನದು. ಹೊಸ ಭಾಗವನ್ನು ಲೇತಿಗೆ ಕಟ್ಟಿ, ಟೂಲು ಬದಲಿಸಿ, ಅಳತೆ ಸರಿಮಾಡಿಕೊಳ್ಳಲು ನಮಗೆ ಒಂದೂವರೆ ಗಂಟೆ ಬೇಕು. ಒಂದು ಕವಚ ಕೊರೆಯಲು 12 ನಿಮಿಷ. 500 ಭಾಗಗಳನ್ನು ಒಟ್ಟಿಗೆ ಮಾಡಿದರೆ ಆ 90 ನಿಮಿಷ ಹಂಚಿಹೋಗಿ ಒಂದಕ್ಕೆ ಕಾಲು ನಿಮಿಷವೂ ಬರುವುದಿಲ್ಲ. ಅವನ ತಃಖ್ತೆ 500 ಎಂದೇ ಹಿಡಿದಿತ್ತು. ಆದರೆ ಕಂಪನಿ ಆರ್ಡರು ಕಳಿಸುವುದು 30, 30ರಂತೆ. ಗೋಡೌನಿನಲ್ಲಿ ಮಾಲು ಇಟ್ಟುಕೊಳ್ಳಬಾರದು ಎಂಬುದು ಅವರ ಈಗಿನ ಸಿದ್ಧಾಂತ. ಮೂವತ್ತಕ್ಕೆ ಹಂಚಿದರೆ ಒಂದಕ್ಕೆ 3 ನಿಮಿಷ, 12 ಹೋಗಿ 15 ಆಯಿತು. ಕಾಲುಭಾಗ ಹೆಚ್ಚು! ಅವರ ಗೋಡೌನಿನ ಉಳಿತಾಯಕ್ಕೆ ನಮ್ಮ ಲೇತಿನಿಂದ ಬಾಡಿಗೆ.

ಮೂರನೆಯದು ಕೊರೆಯುವ ವೇಗ. ಸಮಯ ಕಡಿಮೆ ತೋರಿಸಲು ವೇಗ ಹೆಚ್ಚು ಹಾಕಿದ್ದ. ಟೂಲಿನ ಖರ್ಚನ್ನು ಮಾತ್ರ ನಿಧಾನವಾಗಿ ಓಡಿಸಿದಾಗಿನ ಹಳೆಯ ಅಂಕಿಯಲ್ಲೇ ಬಿಟ್ಟಿದ್ದ. ವೇಗ ಏರಿದರೆ ಟೂಲು ಬೇಗ ಸವೆಯುತ್ತದೆಂಬುದನ್ನು ಫ್ರೆಡರಿಕ್ ಟೇಲರ್ ಎಂಬವರು 1907ರಲ್ಲೇ ಸೂತ್ರ ಮಾಡಿ ಪ್ರಕಟಿಸಿದ್ದರು. ನಮ್ಮ ಲೇತಿನ ಹುಡುಗ ಆ ಸೂತ್ರ ಓದಿಲ್ಲ, ಆದರೆ ಕಾರ್ಬೈಡ್ ಟೂಲಿನ ವೇಗವನ್ನು ಐದನೇ ಒಂದು ಭಾಗ ಹೆಚ್ಚಿಸಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆಂದು ಅವನ ಕೈಗೆ ಗೊತ್ತು. ಎಂಜಿನಿಯರಿಗೆ ಇದನ್ನು ತೋರಿಸಿದಾಗ ಅವನು ಒಂದು ಕ್ಷಣ ಸುಮ್ಮನಿದ್ದು, "ಮೇಡಂ, ಈ ಕಾಲಮ್ಮು ಲಾಕ್ ಆಗಿದೆ, ನನಗೆ ಬದಲಾಯಿಸಲು ಬರುವುದಿಲ್ಲ" ಎಂದ. ಪಾಪ, ಅವನ ತಪ್ಪೇನೂ ಇರಲಿಲ್ಲ. ಬೀಗ ಹಾಕಿದವರು ಅವಲಕ್ಕಿ ತಿನ್ನಲು ನಮ್ಮ ಮನೆಗೆ ಬರುವುದಿಲ್ಲ.

ಈ ಮೂರನೆಯ ಪದ್ಧತಿಯನ್ನು ನಾನು ದೂರುತ್ತಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಎಣಿಸುವುದೇ ಸರಿಯಾದ ದಾರಿ. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾನಿಲಯದಲ್ಲಿದ್ದ ಜೆಫ್ರಿ ಬೂತ್ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಇಂಥ ಲೆಕ್ಕಕ್ಕೆ ವ್ಯವಸ್ಥಿತ ರೂಪ ಕೊಟ್ಟು 1991ರಲ್ಲಿ ಆ ದೇಶದ ರಾಷ್ಟ್ರೀಯ ತಂತ್ರಜ್ಞಾನ ಪದಕ ಪಡೆದರು. ಅವರು ಮುಖ್ಯವಾಗಿ ಎಚ್ಚರಿಸಿದ್ದು ಡ್ರಾಯಿಂಗು ಬರೆಯುವವನನ್ನು. ನೀನು ಎಳೆದ ಈ ಗೆರೆಗೆ ಇಷ್ಟು ಖರ್ಚು, ಈ ಎರಡು ಭಾಗಗಳನ್ನು ಒಂದೇ ಮಾಡಬಹುದೇ ನೋಡು ಎಂದು ಅವನಿಗೆ ಮೊದಲೇ ತಿಳಿಸಬೇಕೆಂಬುದು ಅದರ ತಿರುಳು. ನಮ್ಮ ಪಂಪಿನ ಕವಚದ ಒಂದು ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿದ್ದರೆ ಎರಡು ಕೋರಿನ ಬದಲು ಒಂದು ಸಾಕಾಗುತ್ತಿತ್ತು ಎಂದು ನಮ್ಮ ಮನೆಯವರು ಎಷ್ಟೋ ಸಲ ಹೇಳಿ ಕಳಿಸಿದರು. ಉತ್ತರ ಬರಲಿಲ್ಲ. ಡ್ರಾಯಿಂಗು ತಿದ್ದಲು ಹತ್ತು ಸಹಿ ಬೇಕಂತೆ. ದರ ಇಳಿಸಲು ಒಂದು ಫೋನು ಸಾಕು.

ಇಷ್ಟೆಲ್ಲ ಎಣಿಸುವ ಈ ತಃಖ್ತೆಯಲ್ಲಿ ಎಲ್ಲೂ ಕಾಣದ ಇನ್ನೊಂದು ಖರ್ಚಿದೆ: ಕಾಯುವ ಖರ್ಚು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. 2023ರಲ್ಲಿ ಆದಾಯ ತೆರಿಗೆಯ ಕಾನೂನಿನಲ್ಲೂ ಇದಕ್ಕೆ ಬೆಂಬಲವಾಗಿ ಒಂದು ಕಲಮು ಸೇರಿಸಿದರು, ಹೊತ್ತಿಗೆ ಸರಿಯಾಗಿ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಕಾಯ್ದೆ ಚೆನ್ನಾಗಿದೆ. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರು ಯಾರು ಕೊಡುತ್ತಾರೆ? ನಮಗೆ ಹಣ ಬಂದದ್ದು 120 ದಿನಕ್ಕೆ. ಹೆಚ್ಚಿನ 75 ದಿನಕ್ಕೆ, ನೂರಕ್ಕೆ ಹನ್ನೆರಡರ ಬಡ್ಡಿಯಂತೆ, ಸಾವಿರ ರೂಪಾಯಿಗೆ ಸುಮಾರು 25 ರೂಪಾಯಿ. ಹೋದ ವರ್ಷಕ್ಕಿಂತ ಶೇಕಡ 3 ಇಳಿಸಿ ಎಂದು ಹಿಂಡಿದವರೇ ಇನ್ನೊಂದು ಶೇಕಡ ಎರಡೂವರೆಯನ್ನು ಸದ್ದಿಲ್ಲದೆ ಹೀಗೆ ಹಿಂಡಿದಂತಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಇನ್ನು ನಮ್ಮ ಕಡೆಯ ತಪ್ಪು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಕಂಪನಿಯವರು ತಕ್ಕಡಿ ಹಿಡಿದರು, ಸರಿ. ನಾವೇನು ಹಿಡಿದಿದ್ದೆವು? ನಮ್ಮ ಉದ್ಯಮಬಾಗದ ಬಹುಪಾಲು ಶೆಡ್ಡುಗಳಲ್ಲಿ ಕೊಟೇಶನ್ ಬರೆಯುವುದು "ಪಕ್ಕದವ ಎಷ್ಟು ಹಾಕ್ಯಾನ?" ಎಂದು ಕೇಳಿಯೇ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡುವ ಅಭ್ಯಾಸ ನಮಗಿರಲಿಲ್ಲ. ಎಷ್ಟು ಕೆಟ್ಟವು ಎಂದೂ ಬರೆಯುತ್ತಿರಲಿಲ್ಲ, ಕೆಟ್ಟದ್ದನ್ನು ಬರೆದಿಡುವುದು ಅಪಶಕುನವೆಂಬಂತೆ ಸದ್ದಿಲ್ಲದೆ ಫರ್ನೇಸಿಗೆ ಹಾಕುತ್ತಿದ್ದೆವು. ನಮ್ಮ ಮನೆಯವರ ಸಂಬಳವೆಂದು ಒಂದು ರೂಪಾಯಿಯೂ ಪುಸ್ತಕದಲ್ಲಿರಲಿಲ್ಲ, ಮಾಲೀಕರಿಗೆ ಎಂಥ ಸಂಬಳ ಎನ್ನುತ್ತಿದ್ದರು. ಇಪ್ಪತ್ತು ವರ್ಷ ರಾತ್ರಿ ಹತ್ತರವರೆಗೆ ಲೆಕ್ಕ ಬರೆದ ನನ್ನ ಹೊತ್ತು? ಅದನ್ನು ನಾನೇ ಬರೆದಿರಲಿಲ್ಲ. ಲೆಕ್ಕ ಬರೆಯುವವಳೇ ತನ್ನನ್ನು ಎಣಿಸದಿದ್ದರೆ, ಕೋರು ಮಾಡುವವಳನ್ನು ಖರೀದಿ ವಿಭಾಗದವನು ಎಣಿಸಲಿಲ್ಲ ಎಂದು ದೂರುವ ಬಾಯಿ ಎಲ್ಲಿಂದ ಬರಬೇಕು?

ಆದ್ದರಿಂದ ನಾನು ಹೇಳುವುದು ಇಷ್ಟು. ಯಾವ ಲೆಕ್ಕ ಸರಿ ಎಂಬುದು, ನಮ್ಮ ಕೈಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಡ್ರಾಯಿಂಗು ಇಲ್ಲದಾಗ ತೂಕ ಹಿಡಿಯಿರಿ, ಆದರೆ ಅದನ್ನು ಅಂದಾಜು ಎಂದು ಕರೆಯಿರಿ, ಒಪ್ಪಂದದಲ್ಲಿ ಬರೆಯಬೇಡಿ. ಅಂಥದ್ದೇ ಹಳೆಯ ಭಾಗವಿದ್ದರೆ ಅದರ ದರದಿಂದ ಶುರುಮಾಡಿ, ಆದರೆ ಎರಡರ ನಡುವಿನ ವ್ಯತ್ಯಾಸಗಳನ್ನು ಒಂದೊಂದಾಗಿ ಪಟ್ಟಿ ಮಾಡಿ. ಡ್ರಾಯಿಂಗು ಬಂದು ಆರ್ಡರು ಬರೆಯುವ ಹೊತ್ತಿಗೆ ಹೆಜ್ಜೆ ಹೆಜ್ಜೆಯ ಲೆಕ್ಕವೇ ಆಗಬೇಕು, ಅದೂ ಕೆಲಸ ನಡೆಯುವ ಶೆಡ್ಡಿನ ಗಂಟೆಗಳನ್ನು ಹಿಡಿದು, ಕೆಲಸ ಕೊಡುವವನ ಕನಸಿನ ಗಂಟೆಗಳನ್ನಲ್ಲ. ಕೊನೆಯದಾಗಿ, ಲೆಕ್ಕದ ರೀತಿಯನ್ನು ಆರಿಸಿದವನೇ ಅದರ ತಪ್ಪಿನ ಭಾರವನ್ನೂ ಹೊರಬೇಕು. ಈಗ ಆರಿಸುವವನು ಒಬ್ಬ, ಹೊರುವವರು ಇನ್ನೊಬ್ಬರು, ಆದ್ದರಿಂದಲೇ ಆರಿಸುವವನಿಗೆ ಯಾವ ಲೆಕ್ಕವಾದರೂ ನಡೆಯುತ್ತದೆ.

"ಇದೆಲ್ಲ ಪುಸ್ತಕದ ಮಾತು, ಪೇಟೆಯಲ್ಲಿ ನಡೆಯುವುದಿಲ್ಲ" ಎನ್ನುವವರಿಗೆ ನಮ್ಮ ಮನೆಯ ಕತೆಯನ್ನೇ ಹೇಳುತ್ತೇನೆ. ಹೋದ ವರ್ಷ ಹೊಸ ನಮೂನೆಯ ಕೊಟೇಶನ್ ಮಾಡಿದೆವು. ಲೋಹ ಕಿಲೋ ಲೆಕ್ಕದಲ್ಲಿ, ಅಚ್ಚು ಒಂದಕ್ಕೆ ಇಷ್ಟು, ಕೋರು ಒಂದಕ್ಕೆ ಇಷ್ಟು, ಸೆಟ್ಟಿಂಗು ಒಂದು ಸಲಕ್ಕೆ ಇಷ್ಟು ಎಂದು ಬೇರೆ ಬೇರೆ ಸಾಲು. ಮೂರು ಕಂಪನಿಗಳಿಗೆ ಕಳಿಸಿದೆವು. ಎರಡು ಕಡೆಯಿಂದ "ಕಿಲೋಗೆ ಎಷ್ಟು ಹೇಳಿ, ಇದೆಲ್ಲ ಬೇಡ" ಎಂದು ಬಂತು. ಅದರಲ್ಲೊಂದು ನಮ್ಮ ಹಳೆಯ ಗಿರಾಕಿ, ಪಂಪಿನ ಕವಚದವರು. ಆ ಆರ್ಡರನ್ನು ಬಿಟ್ಟೆವು. ಒಂದು ಪಾಳಿ ನಿಂತಿತು, ಮನೆಯಲ್ಲಿ ನಾಲ್ಕು ದಿನ ಮಾತಿರಲಿಲ್ಲ, ನನ್ನ ಲೆಕ್ಕ ನನಗೇ ಕಹಿಯಾಯಿತು. ಮೂರನೆಯವರು ಮಾತ್ರ ಫೋನು ಮಾಡಿ ಕೇಳಿದರು: "ಈ ಕೋರಿನ ಸಾಲು ಇಷ್ಟು ದೊಡ್ಡದೇಕೆ?" ನಮ್ಮ ಮನೆಯವರು ವಿವರಿಸಿದರು. ಎರಡು ತಿಂಗಳ ಮೇಲೆ ತಿದ್ದಿದ ಡ್ರಾಯಿಂಗು ಬಂತು, ಒಂದು ಕೋರು ಕಡಿಮೆಯಾಗಿತ್ತು. ಅವರಿಗೂ ದರ ಇಳಿಯಿತು, ನಮಗೂ ನಷ್ಟವಾಗಲಿಲ್ಲ. ಕಿಲೋ ಲೆಕ್ಕದಲ್ಲಿ ಆ ಕೋರು ಅವರ ಕಣ್ಣಿಗೆ ಎಂದಾದರೂ ಬೀಳುತ್ತಿತ್ತೇ?

ಬಳೆಗಳು ಇನ್ನೂ ಬ್ಯಾಂಕಿನಲ್ಲೇ ಇವೆ. ಎಲ್ಲ ಸರಿಹೋಯಿತು ಎಂದು ಹೇಳುವ ಸ್ಥಿತಿ ನಮ್ಮದಲ್ಲ. ಆದರೆ ಕೋರಿಗೆ ಈಗ ಪುಸ್ತಕದಲ್ಲಿ ತನ್ನದೇ ಒಂದು ಸಾಲಿದೆ, ಆ ಸಾಲಿನಿಂದ ದೀಪಾವಳಿಗೆ ಮುಂಚೆ ಅವಳ ಕೂಲಿಯನ್ನು ಸ್ವಲ್ಪ ಹೆಚ್ಚಿಸಲು ಬಂತು. ಹೇಳಿದಾಗ ಅವಳು "ಕಿಲೋ ರೇಟ್ ಹೆಚ್ಚಾತೇನ್ರಿ ಅಕ್ಕೋರ?" ಎಂದು ಕೇಳಿದಳು. ಇಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳ ಮಗಳು ಈ ವರ್ಷ ಎಸ್.ಎಸ್.ಎಲ್.ಸಿ., ಗಣಿತದಲ್ಲಿ ಗಟ್ಟಿಗಿತ್ತಿ. ಒಂದು ದಿನ ಅವಳನ್ನು ಕೂರಿಸಿಕೊಂಡು ಈ ಎರಡು ಎರಕಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಬೇಕೆಂದಿದ್ದೇನೆ. ತಾಯಿಗೆ ಅವಳೇ ಹೇಳಲಿ.